ವಿಳಾಸ ಹಂಚುವ ಕೆಲಸ ಮನೆಯೊಳಗೇ ಇರಲಿ



ರಾಂಜಣಗಾಂವ ಎಂದ ಕೂಡಲೇ ಬಹಳ ಜನಕ್ಕೆ ನೆನಪಾಗುವುದು ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದಾದ ಮಹಾಗಣಪತಿಯ ಗುಡಿ. ಪುಣೆಯಿಂದ ಅಹಿಲ್ಯಾನಗರದ, ಅಂದರೆ ಮೊದಲಿನ ಅಹಮದನಗರದ, ರಸ್ತೆ ಹಿಡಿದರೆ ಸುಮಾರು 50 ಕಿಲೋಮೀಟರು. ಆದರೆ ನಮ್ಮ ಕನ್ನಡ ಕಾರ್ಯಕ್ರಮ ಕೇಳುವ ಅನೇಕರಿಗೆ ರಾಂಜಣಗಾಂವ ಎಂದರೆ ಅಲ್ಲಿನ ಎಂಐಡಿಸಿ, ಕಾರ್ಖಾನೆಯ ಪಾಳಿ, ಮತ್ತು ಕಾರೇಗಾಂವದ ಸುತ್ತಮುತ್ತ ಹಿಡಿದಿರುವ ಬಾಡಿಗೆ ಖೋಲಿ. ವಿಜಯಪುರ, ಕಲಬುರಗಿ, ಬೀದರ ಕಡೆಯಿಂದ ದುಡಿಯಲು ಬಂದವರಿಗೆ ಆ ಖೋಲಿಯೇ ಮನೆ.

ಇಂಥ ಖೋಲಿಗಳ ಸಾಲಿನಲ್ಲಿ ಈಗ ಇಂಟರ್‌ನೆಟ್ ನೀರಿನ ನಲ್ಲಿಯ ಹಾಗೆ. ಮನೆಯ ಮಾಲೀಕರು ಒಂದು ಫೈಬರ್ ಸಂಪರ್ಕ ತೆಗೆದುಕೊಳ್ಳುತ್ತಾರೆ, ಅಲ್ಲಿಂದ ಒಂದೊಂದು ವಯರು ಒಂದೊಂದು ಖೋಲಿಗೆ ಹೋಗುತ್ತದೆ. ಒಂದು ದಿನ ಸಂಜೆ ಇದ್ದಕ್ಕಿದ್ದ ಹಾಗೆ ಹತ್ತು ಖೋಲಿಯಲ್ಲಿ ನೆಟ್ ನಿಲ್ಲುತ್ತದೆ. ಮೊಬೈಲಿನಲ್ಲಿ ವೈಫೈ ಗುರುತು ಪೂರ್ತಿ ಇದೆ, ಆದರೆ ಏನೂ ತೆರೆಯುವುದಿಲ್ಲ. ಕೇಬಲಿನವರಿಗೆ ಫೋನು ಮಾಡಿದರೆ "ನಮ್ಮ ಲೈನ್ ಸರಿ ಇದೆ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಲೈನು ನಿಜಕ್ಕೂ ಸರಿ ಇದೆ. ಹನ್ನೊಂದನೇ ಖೋಲಿಯ ಹುಡುಗನೊಬ್ಬ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಮನೆ ಸರ್ವರ್ ಮಾಡಿಕೊಂಡಿದ್ದಾನೆ. ಆ ಸರ್ವರ್ ತನ್ನ ಖೋಲಿಯ ಮೊಬೈಲು, ಟಿವಿಗಳಿಗೆ ವಿಳಾಸ ಹಂಚುವುದರ ಜೊತೆಗೆ ಪಕ್ಕದ ಖೋಲಿಗಳಿಗೂ ಹಂಚಲು ಕೂತಿದೆ!

ಇದು ನಾನು ಕಲ್ಪಿಸಿ ಹೇಳಿದ ಚಿತ್ರ. ಆದರೆ ಹೀಗೆ ಆಗುವುದು ಮಾತ್ರ ಕಲ್ಪನೆಯಲ್ಲ. ಒಂದೇ ವಯರನ್ನು ಹಲವರು ಹಂಚಿಕೊಂಡ ಕಡೆಯಲ್ಲೆಲ್ಲ ಇದು ಹಳೆಯ ಕಾಯಿಲೆ. ಆ ಸಂಜೆಯೇ ಯಾರದೋ ಮಗಳ ಪ್ರವೇಶ ಪರೀಕ್ಷೆಯ ಅರ್ಜಿಗೆ ಕೊನೆಯ ದಿನ ಇರಬಹುದು, ಯಾರೋ ಊರಿಗೆ ಆಸ್ಪತ್ರೆಯ ದುಡ್ಡು ಕಳಿಸಬೇಕಿರಬಹುದು. ಹಾಗಾಗಿ ಮನೆಯಲ್ಲಿ ಸರ್ವರ್ ಇಟ್ಟುಕೊಳ್ಳುವ ಉತ್ಸಾಹ ಇರುವವರು ಈ ಒಂದು ವಿಷಯ ತಿಳಿದುಕೊಂಡಿರಲೇಬೇಕು. ಸರ್ವರ್ ಇಡದವರಿಗೂ ರೋಗ ಎಲ್ಲಿದೆ ಎಂದು ಗೊತ್ತಿದ್ದರೆ ಪರಿಹಾರ ಬೇಗ ಸಿಗುತ್ತದೆ.

ವಿಳಾಸ ಎಂದರೆ ಏನು?

ಇಂಟರ್‌ನೆಟ್ಟಿಗೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯೆಯ ವಿಳಾಸ ಬೇಕು. ಅದೇ ಐಪಿ ವಿಳಾಸ. ಚುಕ್ಕೆ ಇಟ್ಟು ಬರೆದ ನಾಲ್ಕು ಸಂಖ್ಯೆಗಳು, ಉದಾಹರಣೆಗೆ 192.168.1.25. ಈ ಬಗೆಯ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಜಗತ್ತಿನ ಜನಸಂಖ್ಯೆಗೂ ಸಾಲದು. 2011ರ ಫೆಬ್ರುವರಿಯಲ್ಲಿ ಜಾಗತಿಕ ಉಗ್ರಾಣದ ಕೊನೆಯ ಕಂತೂ ಹಂಚಿಕೆಯಾಗಿ ಹೋಯಿತು.

ಹೀಗೆ ಕೊರತೆ ಬರುತ್ತದೆ ಎಂದು ಮೊದಲೇ ಗೊತ್ತಿದ್ದರಿಂದ ಮೂರು ಗುಂಪಿನ ವಿಳಾಸಗಳನ್ನು ಮನೆ, ಕಚೇರಿಗಳ ಒಳಬಳಕೆಗೆ ಬಿಟ್ಟುಕೊಟ್ಟರು. 1996ರಲ್ಲಿ ಬಂದ ನಿಯಮದ ಪ್ರಕಾರ 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, ಮತ್ತು 192.168ರಿಂದ ಶುರುವಾಗುವವು ಒಳಬಳಕೆಗೆ. ಖೋಲಿ ನಂಬರು 5 ಎಂಬುದು ಪ್ರತಿ ಚಾಳಿನಲ್ಲೂ ಇರುವ ಹಾಗೆ, 192.168.1.5 ಎಂಬುದು ಲಕ್ಷಾಂತರ ಮನೆಗಳಲ್ಲಿ ಇರುತ್ತದೆ. ಮನೆಯೊಳಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮನೆ ದಾಟಿ ಹೊರಗೆ ಹೋಗುವಾಗ ರೌಟರ್ ಆ ವಿಳಾಸವನ್ನು ಮುಚ್ಚಿಟ್ಟು ತನ್ನ ಹೊರಗಿನ ವಿಳಾಸ ಹಾಕಿ ಕಳಿಸುತ್ತದೆ.

ಯಾರು ಕೊಡುತ್ತಾರೆ?

ನೀವು ಮೊಬೈಲಿಗೆ ವೈಫೈ ಗುಪ್ತಪದ ಹಾಕಿದಾಗ ಈ ಸಂಖ್ಯೆಯನ್ನು ನಿಮ್ಮ ಕೈಯಿಂದ ಬರೆಯುವುದಿಲ್ಲ. ಅದು ತಾನಾಗಿಯೇ ಬರುತ್ತದೆ. ಹಾಗೆ ಕೊಡುವ ವ್ಯವಸ್ಥೆಯ ಹೆಸರು ಡಿಎಚ್‌ಸಿಪಿ, ಅಂದರೆ ಡೈನಮಿಕ್ ಹೋಸ್ಟ್ ಕಾನ್‌ಫಿಗರೇಷನ್ ಪ್ರೋಟೋಕಾಲ್. ಇದರ ಅಣ್ಣ ಬೂಟ್‌ಪಿ ಬಂದದ್ದು 1985ರಲ್ಲಿ. ಡಿಎಚ್‌ಸಿಪಿ 1993ರಲ್ಲಿ ಬಂತು. ಇಂದಿಗೂ ನಾವು ಬಳಸುವ ರೂಪವನ್ನು ರಾಲ್ಫ್ ಡ್ರೋಮ್ಸ್ ಎಂಬುವರು 1997ರ ಮಾರ್ಚಿನಲ್ಲಿ ಬರೆದು ಪ್ರಕಟಿಸಿದರು.

ಯಾತ್ರಿಕರ ಛತ್ರವನ್ನು ನೆನಪು ಮಾಡಿಕೊಳ್ಳಿ. ರಾತ್ರಿ ಬಂದ ಯಾತ್ರಿಕ ಅಂಗಳದಲ್ಲಿ ನಿಂತು "ಇಲ್ಲಿ ಖೋಲಿ ಕೊಡುವವರು ಯಾರಿದ್ದೀರಪ್ಪ?" ಎಂದು ಕೂಗುತ್ತಾನೆ. ಮೇಲ್ವಿಚಾರಕರು "ಏಳನೇ ಖೋಲಿ ಖಾಲಿ ಇದೆ, ಆದೀತೆ?" ಎನ್ನುತ್ತಾರೆ. "ಆಗಲಿ, ಅದೇ ಕೊಡಿ" ಎನ್ನುತ್ತಾನೆ ಇವನು. "ತಗೊಳ್ಳಿ ಕೀಲಿಕೈ, ನಾಳೆ ಸಂಜೆಯವರೆಗೆ ನಿಮ್ಮದು" ಎಂದು ಅವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಡಿಎಚ್‌ಸಿಪಿಯಲ್ಲಿ ನಡೆಯುವುದೂ ಇದೇ ನಾಲ್ಕು ಮಾತು: ಹುಡುಕಾಟ, ಕೊಡುಗೆ, ಕೋರಿಕೆ, ಒಪ್ಪಿಗೆ. ಕೊಡುವವರು 67ನೇ ಪೋರ್ಟಿನಲ್ಲಿ ಕಿವಿಗೊಟ್ಟು ಕೂತಿರುತ್ತಾರೆ, ಕೇಳುವವರು 68ನೇ ಪೋರ್ಟಿನಲ್ಲಿ ಉತ್ತರಕ್ಕೆ ಕಾಯುತ್ತಾರೆ. ಈ ಎರಡು ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೇಲ್ವಿಚಾರಕರು ಬರೀ ಖೋಲಿ ನಂಬರು ಕೊಡುವುದಿಲ್ಲ. ಹೆಬ್ಬಾಗಿಲು ಎಲ್ಲಿದೆ, ಊರಿನ ವಿಚಾರ ಯಾರನ್ನು ಕೇಳಬೇಕು ಎಂದೂ ಹೇಳುತ್ತಾರೆ. ಡಿಎಚ್‌ಸಿಪಿ ಕೂಡ ವಿಳಾಸದ ಜೊತೆಗೆ ಎರಡು ಮುಖ್ಯ ವಿಷಯ ಹೇಳುತ್ತದೆ. ಒಂದು ಗೇಟ್‌ವೇ, ಅಂದರೆ ಹೊರಗೆ ಹೋಗುವ ಬಾಗಿಲು. ಇನ್ನೊಂದು ಡಿಎನ್‌ಎಸ್, ಅಂದರೆ ಜಾಲತಾಣದ ಹೆಸರು ಕೊಟ್ಟರೆ ಅದರ ಸಂಖ್ಯೆ ಹುಡುಕಿಕೊಡುವ ಸೇವೆ. ಇವೆರಡೂ ತಪ್ಪಾಗಿ ಬಂದರೆ ವಿಳಾಸ ಇದ್ದೂ ಪ್ರಯೋಜನವಿಲ್ಲ. ವೈಫೈ ಗುರುತು ಪೂರ್ತಿ ಇದ್ದರೂ ಏನೂ ತೆರೆಯದಿರುವುದಕ್ಕೆ ಕಾರಣ ಇದೇ.

ತೊಂದರೆಯ ಮೂಲ

ಈ ವ್ಯವಸ್ಥೆಯ ಗುಣವೂ ದೋಷವೂ ಆ ಮೊದಲ ಕೂಗಿನಲ್ಲೇ ಇದೆ. ಹೊಸದಾಗಿ ಬಂದ ಯಂತ್ರಕ್ಕೆ ಯಾರನ್ನು ಕೇಳಬೇಕೆಂದು ಗೊತ್ತಿಲ್ಲ, ಆದ್ದರಿಂದ ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಬ್ರಾಡ್‌ಕಾಸ್ಟ್ ಎಂದೇ ಹೆಸರು. ನಾವು ಉದ್ಘೋಷಕರು ಮಾಡುವ ಪ್ರಸಾರಕ್ಕೂ ಅದೇ ಪದ! ಒಂದು ವ್ಯತ್ಯಾಸ ಇದೆ. ರೇಡಿಯೋದಲ್ಲಿ ಯಾವ ಕಂಪನಾಂಕದಲ್ಲಿ ಯಾರು ಮಾತಾಡಬೇಕೆಂದು ಸರ್ಕಾರ ಪರವಾನಗಿ ಕೊಡುತ್ತದೆ. ಡಿಎಚ್‌ಸಿಪಿಯಲ್ಲಿ ಪರವಾನಗಿ ಇಲ್ಲ. ಕೂಗಿಗೆ ಯಾರು ಬೇಕಾದರೂ ಓಗೊಡಬಹುದು. ಉತ್ತರ ಕೊಟ್ಟವರು ನಿಜವಾದ ಮೇಲ್ವಿಚಾರಕರೇ ಎಂದು ಮೊಬೈಲು ಕೇಳುವುದಿಲ್ಲ. ಸಾಮಾನ್ಯವಾಗಿ ಮೊದಲು ಬಂದ ಉತ್ತರವನ್ನೇ ಒಪ್ಪಿಕೊಳ್ಳುತ್ತದೆ.

ಈ ಕೂಗು ಎಷ್ಟು ದೂರ ಹೋಗುತ್ತದೆ? ರೌಟರ್ ಎಂಬ ಗೋಡೆ ಸಿಗುವವರೆಗೆ. ಸ್ವಿಚ್ ಗೋಡೆಯಲ್ಲ, ಅದು ಮಾತನ್ನು ಎಲ್ಲ ವಯರಿಗೂ ದಾಟಿಸುತ್ತದೆ. ಹತ್ತು ಖೋಲಿಯ ವಯರುಗಳು ಒಂದೇ ಸ್ವಿಚ್ಚಿಗೆ ಬಂದು ಸೇರಿದ್ದರೆ, ಕೂಗಿನ ಮಟ್ಟಿಗೆ ಆ ಹತ್ತೂ ಖೋಲಿ ಒಂದೇ ಅಂಗಳ. ಅಲ್ಲಿ ಇಬ್ಬರು ಮೇಲ್ವಿಚಾರಕರಾದರೆ ಗಲಾಟೆ ತಪ್ಪಿದ್ದಲ್ಲ.

ಇಂಥ ಗಲಾಟೆಯಲ್ಲಿ ಜನರನ್ನು ತಬ್ಬಿಬ್ಬು ಮಾಡುವ ಸಂಗತಿ ಒಂದಿದೆ. ಕೆಲವರ ನೆಟ್ ನಡೆಯುತ್ತಿರುತ್ತದೆ, ಕೆಲವರದು ನಿಂತಿರುತ್ತದೆ. ವಿಳಾಸವನ್ನು ಕೊಡುವುದು ಗೇಣಿಯ ಹಾಗೆ, ಇಷ್ಟು ಗಂಟೆಗೆ ಎಂದು. 24 ಗಂಟೆಗೆ ಕೊಟ್ಟಿದ್ದರೆ, ಅರ್ಧ ಅವಧಿ ಕಳೆದಾಗ, ಅಂದರೆ 12 ಗಂಟೆಗೆ, ಯಂತ್ರ ತನಗೆ ವಿಳಾಸ ಕೊಟ್ಟವರನ್ನೇ ನೇರವಾಗಿ ಕೇಳಿ ಅವಧಿ ಮುಂದುವರಿಸಿಕೊಳ್ಳುತ್ತದೆ, ಕೂಗುವುದಿಲ್ಲ. ಆದ್ದರಿಂದ ಆರಿಸದೆ ಇಟ್ಟ ಟಿವಿ, ಕಂಪ್ಯೂಟರುಗಳಿಗೆ ಏನೂ ಆಗದಿರಬಹುದು. ಪಾಳಿ ಮುಗಿಸಿ ಈಗಷ್ಟೇ ಖೋಲಿಗೆ ಬಂದವನ ಮೊಬೈಲು ಹೊಸದಾಗಿ ಕೂಗುತ್ತದೆ, ಸಿಕ್ಕಿಹಾಕಿಕೊಳ್ಳುತ್ತದೆ. "ನಂದು ನಡೀತದ, ನಿನ್ನ ಮೊಬೈಲೇ ಕೆಟ್ಟದ" ಎಂಬ ಮಾತು ಹುಟ್ಟುವುದು ಇಲ್ಲಿಂದ. ಮೊಬೈಲು ಕೆಟ್ಟಿರುವುದಿಲ್ಲ.

ಹೇಗೆ ಹೀಗಾಗುತ್ತದೆ?

ಬೇಕೆಂದೇ ಮಾಡುವವರು ಕಡಿಮೆ. ಗೊತ್ತಿಲ್ಲದೆ ಆಗುವುದೇ ಹೆಚ್ಚು. ಮುಖ್ಯವಾಗಿ ನಾಲ್ಕು ದಾರಿ.

ಮೊದಲನೆಯದು ರೌಟರಿನ ತಪ್ಪು ಕಿಂಡಿ. ಅಂಗಡಿಯಿಂದ ತಂದ ರೌಟರಿನ ಹಿಂದೆ ಬೇರೆ ಬಣ್ಣದ ಅಥವಾ "ವ್ಯಾನ್" ಎಂದು ಬರೆದ ಒಂದು ಕಿಂಡಿ, "ಲ್ಯಾನ್" ಎಂದು ಬರೆದ ಮೂರ್ನಾಲ್ಕು ಕಿಂಡಿಗಳು ಇರುತ್ತವೆ. ಕಟ್ಟಡದಿಂದ ಬಂದ ವಯರು ವ್ಯಾನ್ ಕಿಂಡಿಗೆ ಹೋಗಬೇಕು. ಲ್ಯಾನ್ ಕಿಂಡಿಗೆ ಹಾಕಿದರೆ ಆ ರೌಟರ್ ಇಡೀ ಕಟ್ಟಡವನ್ನೇ ತನ್ನ ಮನೆ ಎಂದುಕೊಂಡು ವಿಳಾಸ ಹಂಚುತ್ತದೆ.

ಎರಡನೆಯದು ಮನೆ ಸರ್ವರ್. ಇದರಲ್ಲಿ ಎರಡು ನೆಟ್‌ವರ್ಕ್ ಕಾರ್ಡು ಇರುತ್ತವೆ. ಒಂದು ಹೊರಬಾಗಿಲು, ಕಟ್ಟಡದ ವಯರಿಗೆ. ಇನ್ನೊಂದು ಒಳಬಾಗಿಲು, ಖೋಲಿಯ ಸ್ವಿಚ್ ಅಥವಾ ವೈಫೈ ಪೆಟ್ಟಿಗೆಗೆ. ವಿಳಾಸ ಹಂಚುವ ತಂತ್ರಾಂಶಕ್ಕೆ ಯಾವ ಬಾಗಿಲಲ್ಲಿ ಕೂರಬೇಕೆಂದು ಹೇಳದಿದ್ದರೆ, ಅಥವಾ ಎರಡು ಬಾಗಿಲಿನ ಹೆಸರು ಅದಲುಬದಲಾದರೆ, ಅದು ಹೊರಬಾಗಿಲಲ್ಲಿ ಕೂರಬಹುದು.

ಮೂರನೆಯದು ಲ್ಯಾಪ್‌ಟಾಪು. ವಿಂಡೋಸ್‌ನಲ್ಲಿ ಇಂಟರ್‌ನೆಟ್ ಹಂಚಿಕೊಳ್ಳುವ ಸೌಲಭ್ಯವನ್ನು ತಪ್ಪು ಕಾರ್ಡಿನ ಮೇಲೆ ತೆರೆದರೆ ಅದೂ ವಿಳಾಸ ಹಂಚಲು ಶುರು ಮಾಡುತ್ತದೆ. ಈಗಿನ ವಿಂಡೋಸ್ ಹಂಚುವುದು ಸಾಮಾನ್ಯವಾಗಿ 192.168.137ರ ಸಾಲಿನ ವಿಳಾಸ. ಆ ಸಂಖ್ಯೆ ಕಂಡರೆ ಯಾರದೋ ಲ್ಯಾಪ್‌ಟಾಪಿನ ಕೆಲಸ ಎಂದು ಊಹಿಸಬಹುದು.

ನಾಲ್ಕನೆಯದು ಒಂದೇ ಕಾರ್ಡಿನ ಚಿಕ್ಕ ಸರ್ವರ್. ಜಾಹೀರಾತು ತಡೆಯಲೆಂದು ರಾಸ್ಪ್‌ಬೆರಿ ಪೈ ಮೇಲೆ ಪೈ-ಹೋಲ್ ಹಾಕಿಕೊಳ್ಳುವವರು ಇದ್ದಾರೆ. ಅದರಲ್ಲೂ ವಿಳಾಸ ಹಂಚುವ ಸೌಲಭ್ಯ ಇದೆ. ಒಂದೇ ಬಾಗಿಲು ಇರುವಲ್ಲಿ ಒಳಗೆ, ಹೊರಗೆ ಎಂಬ ಭೇದ ಮಾಡಲು ಬರುವುದಿಲ್ಲ. ಹಂಚಿಕೊಂಡ ವಯರಿನ ಮೇಲೆ ಆ ಸೌಲಭ್ಯವನ್ನು ಆರಿಸಿಯೇ ಇಡಬೇಕು.

ಸರ್ವರನ್ನು ಒಳಬಾಗಿಲಲ್ಲಿ ಕೂರಿಸುವುದು

ಈಗ ಮನೆ ಸರ್ವರ್ ಇಟ್ಟವರಿಗೆ ಮುಖ್ಯ ಮಾತು. ಆಜ್ಞೆಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಯಂತ್ರದ ಮುಂದೆ ಕೂತಾಗ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಬೇಕು.

ಮೊದಲು ಬಾಗಿಲುಗಳ ಹೆಸರು ತಿಳಿಯಿರಿ. ಲಿನಕ್ಸ್‌ನಲ್ಲಿ "ಐಪಿ ಅಡ್ರೆಸ್" ಎಂಬ ಆಜ್ಞೆ ಕೊಟ್ಟರೆ ಕಾರ್ಡುಗಳ ಪಟ್ಟಿ ಬರುತ್ತದೆ. ಹಳೆಯ ವ್ಯವಸ್ಥೆಗಳಲ್ಲಿ ಈಥ್0, ಈಥ್1 ಎಂಬ ಹೆಸರು, ಈಗಿನವುಗಳಲ್ಲಿ ಕಾರ್ಡು ಯಾವ ಜಾಗದಲ್ಲಿ ಕೂತಿದೆ ಎಂಬುದರ ಮೇಲೆ ಉದ್ದದ ಹೆಸರು. ಹಳೆಯ ಬಗೆಯ ಹೆಸರುಗಳು ಯಂತ್ರ ಆರಿಸಿ ಹಚ್ಚಿದಾಗ ಅದಲುಬದಲಾಗುವ ಸಾಧ್ಯತೆ ಇತ್ತು, ಅದಕ್ಕೇ ಹೊಸ ಬಗೆ ತಂದರು. ಒಂದು ವಯರು ಕಿತ್ತು ನೋಡಿ, ಯಾವ ಕಾರ್ಡಿನ ಸ್ಥಿತಿ "ಡೌನ್" ಆಗುತ್ತದೆ ಎಂದು ಗಮನಿಸಿ, ಆ ಹೆಸರನ್ನು ಚೀಟಿಯಲ್ಲಿ ಬರೆದು ಕಾರ್ಡಿನ ಹತ್ತಿರವೇ ಅಂಟಿಸಿ. ಇಲ್ಲಿ ಈಥ್0 ಹೊರಬಾಗಿಲು, ಈಥ್1 ಒಳಬಾಗಿಲು ಎಂದು ಇಟ್ಟುಕೊಳ್ಳೋಣ.

ಎರಡನೆಯದಾಗಿ ಒಳಗಿನ ಸಾಲು ಬೇರೆ ಇರಲಿ. ಮಾಲೀಕರ ರೌಟರ್ 192.168.1ರ ಸಾಲಿನಲ್ಲಿದ್ದರೆ ನೀವು ಒಳಗೆ 192.168.50ರ ಸಾಲು ಇಟ್ಟುಕೊಳ್ಳಿ. ಎರಡೂ ಕಡೆ ಒಂದೇ ಸಾಲು ಇದ್ದರೆ ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ಸರ್ವರಿಗೂ ಗೊಂದಲ, ನಿಮಗೂ ಗೊಂದಲ. ಬೇರೆ ಸಾಲಿದ್ದರೆ ತೊಂದರೆಯಾದಾಗ ವಿಳಾಸ ನೋಡಿಯೇ ಯಾರು ಕೊಟ್ಟದ್ದೆಂದು ಹೇಳಬಹುದು.

ಮೂರನೆಯದು ತಂತ್ರಾಂಶಕ್ಕೆ ಬಾಗಿಲು ಹೇಳುವುದು. ಮನೆ ಸರ್ವರುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸೈಮನ್ ಕೆಲ್ಲಿ ಎಂಬುವರು ಬರೆದ ಡಿಎನ್‌ಎಸ್‌ಮಾಸ್ಕ್. ಅದರ ಸಂಯೋಜನಾ ಕಡತದಲ್ಲಿ "ಇಂಟರ್‌ಫೇಸ್ ಸಮ ಈಥ್1" ಎಂಬ ಸಾಲು ಬರೆದರೆ ಒಳಬಾಗಿಲಲ್ಲಿ ಮಾತ್ರ ಸೇವೆ ಕೊಡುತ್ತದೆ. "ಸಮ" ಎಂದ ಕಡೆ ಸಮ ಚಿಹ್ನೆ ಹಾಕಬೇಕು. ಅದರ ಕೆಳಗೆ "ಬೈಂಡ್-ಇಂಟರ್‌ಫೇಸಸ್" ಎಂಬ ಸಾಲನ್ನೂ ಸೇರಿಸಿ. ಇದಿಲ್ಲದಿದ್ದರೆ ಅದು ಎಲ್ಲ ಬಾಗಿಲಲ್ಲೂ ಕಿವಿಗೊಟ್ಟು, ಬೇಡದ್ದನ್ನು ಬಿಸಾಡುತ್ತದೆ. ಇದಿದ್ದರೆ ಹೇಳಿದ ಬಾಗಿಲಿಗೆ ಮಾತ್ರ ಅಂಟಿಕೊಳ್ಳುತ್ತದೆ. ಹೊರಬಾಗಿಲಲ್ಲಿ ಡಿಎನ್‌ಎಸ್ ಸೇವೆ ಬೇಕು, ವಿಳಾಸ ಹಂಚುವುದು ಮಾತ್ರ ಬೇಡ ಎನ್ನುವವರಿಗೆ "ನೋ-ಡಿಎಚ್‌ಸಿಪಿ-ಇಂಟರ್‌ಫೇಸ್" ಎಂಬ ಬೇರೆ ಸಾಲು ಇದೆ.

ಅನೇಕ ಹಳೆಯ ಸರ್ವರುಗಳಲ್ಲಿ ಐಎಸ್‌ಸಿ ಸಂಸ್ಥೆಯ ಡಿಎಚ್‌ಸಿಪಿ ತಂತ್ರಾಂಶ ಇರುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಇದಕ್ಕೆ ಬಾಗಿಲು ಹೇಳುವ ಜಾಗ ಮುಖ್ಯ ಕಡತದಲ್ಲಿ ಇಲ್ಲ. "ಇಟಿಸಿ" ಕೋಶದೊಳಗಿನ "ಡಿಫಾಲ್ಟ್" ಕೋಶದಲ್ಲಿ ಈ ತಂತ್ರಾಂಶದ ಹೆಸರಿನ ಕಡತ ಇದೆ. ಅದರಲ್ಲಿ "ಇಂಟರ್‌ಫೇಸಸ್‌ವಿ4" ಎಂಬ ಸಾಲಿಗೆ ಈಥ್1 ಎಂದು ತುಂಬಿಸಬೇಕು. ಮುಖ್ಯ ಕಡತದಲ್ಲಿ ಹೊರಗಿನ ಸಾಲಿನ ವಿಳಾಸಗಳನ್ನು ಹಂಚಲು ಬರೆಯಲೇಬೇಡಿ. ಈ ತಂತ್ರಾಂಶದ ನಿರ್ವಹಣೆಯನ್ನು ಐಎಸ್‌ಸಿ 2022ರಲ್ಲಿ ನಿಲ್ಲಿಸಿದೆ. ಹೊಸದಾಗಿ ಹಾಕುವವರು ಅದೇ ಸಂಸ್ಥೆಯ ಕಿಯಾ ಎಂಬುದನ್ನು ಹಾಕಿಕೊಳ್ಳುವುದು ಒಳ್ಳೆಯದು. ಕಿಯಾದಲ್ಲಿ ಬಾಗಿಲುಗಳ ಪಟ್ಟಿಗೆ "ಇಂಟರ್‌ಫೇಸಸ್-ಕಾನ್‌ಫಿಗ್" ಎಂಬ ಭಾಗ ಇದೆ. ಅಲ್ಲಿ ನಕ್ಷತ್ರದ ಚಿಹ್ನೆ ಇದ್ದರೆ "ಎಲ್ಲ ಬಾಗಿಲೂ" ಎಂದು ಅರ್ಥ. ನಕ್ಷತ್ರ ತೆಗೆದು ಒಳಬಾಗಿಲಿನ ಹೆಸರು ಹಾಕಿ.

ಐಎಸ್‌ಸಿ ತಂತ್ರಾಂಶದಲ್ಲಿ "ಅಥಾರಿಟೇಟಿವ್" ಎಂಬ ಒಂದು ಪದವೂ ಇದೆ. "ಈ ಅಂಗಳಕ್ಕೆ ನಾನೇ ಯಜಮಾನ" ಎಂಬ ಘೋಷಣೆ ಅದು. ಅದನ್ನು ಬರೆದ ಸರ್ವರ್ ಕೈಗೆ ಬೇರೆಯವರು ಕೊಟ್ಟ ವಿಳಾಸ ಹಿಡಿದು ಬಂದವರು ಸಿಕ್ಕರೆ "ಇದು ಇಲ್ಲಿ ನಡೆಯುವುದಿಲ್ಲ" ಎಂದು ಹೇಳಿ ಆ ವಿಳಾಸ ಬಿಡಿಸುತ್ತದೆ. ಒಳಬಾಗಿಲಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಹೊರಬಾಗಿಲಲ್ಲಿ ಇದೇ ಪದ ಇದ್ದರೆ, ಸರಿಯಾದ ವಿಳಾಸ ಇಟ್ಟುಕೊಂಡಿದ್ದ ನೆರೆಯವರ ಯಂತ್ರವೂ ಅದನ್ನು ಕಳೆದುಕೊಳ್ಳುತ್ತದೆ. ಇದನ್ನು ತಾನಾಗಿಯೇ ಚಾಲೂ ಇಡದೆ, ಬೇಕಾದವರು ಬರೆದುಕೊಳ್ಳಲಿ ಎಂದು ಬಿಟ್ಟಿರುವುದು ಇದೇ ಕಾರಣಕ್ಕೆ.

ಬೇಲಿಯೊಂದೇ ಸಾಲದು

"ಇಷ್ಟೆಲ್ಲ ಯಾಕೆ? ಫೈರ್‌ವಾಲ್ ಹಾಕಿ 67ನೇ ಪೋರ್ಟು ಮುಚ್ಚಿದರೆ ಆಯಿತಲ್ಲ?" ಎಂದು ತಿಳಿದವರು ಕೇಳಬಹುದು. ಡಿಎನ್‌ಎಸ್‌ಮಾಸ್ಕ್ ಬಳಸುವವರಿಗೆ ಅದು ಎರಡನೇ ಬೀಗವಾಗಿ ಒಳ್ಳೆಯದೇ. ಆದರೆ ಐಎಸ್‌ಸಿ ತಂತ್ರಾಂಶ, ಮತ್ತು ಸಾಮಾನ್ಯ ಸಂಯೋಜನೆಯಲ್ಲಿ ಕಿಯಾ, ಕಾರ್ಡಿನಿಂದ ಬರುವ ಮಾತನ್ನು ಫೈರ್‌ವಾಲಿಗಿಂತ ಮೊದಲೇ ನೇರವಾಗಿ ಎತ್ತಿಕೊಳ್ಳುತ್ತವೆ. ವಿಳಾಸವೇ ಇಲ್ಲದ ಯಂತ್ರದ ಜೊತೆ ಮಾತಾಡಬೇಕಾದ್ದರಿಂದ ಅವು ಆ ದಾರಿ ಹಿಡಿದಿವೆ. ಆದ್ದರಿಂದ ಅದೇ ಯಂತ್ರದ ಫೈರ್‌ವಾಲ್ ಅವುಗಳನ್ನು ತಡೆಯದೇ ಇರಬಹುದು. ಬೇಲಿ ಇದೆಯೆಂದು ನಂಬಿ ಬಾಗಿಲು ತೆರೆದಿಟ್ಟ ಹಾಗಾಗುತ್ತದೆ. ಮೊದಲು ತಂತ್ರಾಂಶಕ್ಕೇ ಬಾಗಿಲು ಹೇಳಿ, ಆಮೇಲೆ ಬೇಲಿ ಹಾಕಿ.

ಬೇಲಿ ಹಾಕುವಾಗ ಹೊರಬಾಗಿಲಲ್ಲಿ 68ನೇ ಪೋರ್ಟಿಗೆ ಬರುವುದನ್ನು ಮುಚ್ಚಬೇಡಿ. ಒಳಗೆ ನಿಮ್ಮ ಸರ್ವರ್ ವಿಳಾಸ ಕೊಡುವ ಯಜಮಾನ, ಆದರೆ ಹೊರಗೆ ಅದೂ ಮಾಲೀಕರ ರೌಟರಿನಿಂದ ವಿಳಾಸ ಬೇಡುವ ಯಾತ್ರಿಕ. ತನಗೆ ಬರುವ ಉತ್ತರವನ್ನು ತಾನೇ ತಡೆದುಕೊಳ್ಳಬಾರದಲ್ಲ?

ಮಾಡಿದ್ದು ಸರಿಯಾಯಿತೇ?

ಸಾಲು ಬರೆದು ಮುಗಿಸಿದ ಮೇಲೆ ಪರೀಕ್ಷೆ ಮಾಡದೆ ಬಿಡಬೇಡಿ. ಹೊರಬಾಗಿಲಿನ ಕಡೆಯ ವಯರಿಗೆ ಇನ್ನೊಂದು ಕಂಪ್ಯೂಟರು ಜೋಡಿಸಿ. ಎನ್‌ಮ್ಯಾಪ್ ಎಂಬ ಉಚಿತ ತಂತ್ರಾಂಶದಲ್ಲಿ "ಬ್ರಾಡ್‌ಕಾಸ್ಟ್-ಡಿಎಚ್‌ಸಿಪಿ-ಡಿಸ್ಕವರ್" ಎಂಬ ಪರೀಕ್ಷೆ ಇದೆ. ಅದು ಹೊಸ ಯಾತ್ರಿಕನಂತೆ ಕೂಗಿ, ಯಾರು ಯಾರು ಓಗೊಟ್ಟರು ಎಂದು ತೋರಿಸುತ್ತದೆ. ಅಲ್ಲಿ ಮಾಲೀಕರ ರೌಟರಿನ ಹೆಸರೊಂದೇ ಬರಬೇಕು. ನಿಮ್ಮ ಸರ್ವರ್ ಬಂದರೆ ಕೆಲಸ ಇನ್ನೂ ಮುಗಿದಿಲ್ಲ.

ಇನ್ನೊಂದು ಕಂಪ್ಯೂಟರು ಇಲ್ಲದಿದ್ದರೆ ಸರ್ವರಿನಲ್ಲೇ "ಟಿಸಿಪಿಡಂಪ್" ಎಂಬುದನ್ನು ಹೊರಬಾಗಿಲಿನ ಮೇಲೆ 67 ಮತ್ತು 68ನೇ ಪೋರ್ಟುಗಳಿಗಾಗಿ ಹಚ್ಚಿ ಅರ್ಧ ಗಂಟೆ ಬಿಡಿ. ನೆರೆಯವರ ಯಂತ್ರಗಳ ಕೂಗು ಅದರಲ್ಲಿ ಕಾಣುತ್ತದೆ. ಕೂಗು ಕಂಡರೆ ಗಾಬರಿ ಬೇಡ, ನಿಮ್ಮ ಸರ್ವರಿನಿಂದ ಉತ್ತರ ಹೋಗಬಾರದು ಅಷ್ಟೆ. ಕೊನೆಗೆ ಯಂತ್ರವನ್ನು ಪೂರ್ತಿ ಆರಿಸಿ, ಮತ್ತೆ ಹಚ್ಚಿ, ಇದೇ ಪರೀಕ್ಷೆ ಇನ್ನೊಮ್ಮೆ ಮಾಡಿ. ಕರೆಂಟು ಹೋಗಿ ಬಂದ ಮೇಲೆಯೂ ಹಾಗೇ ಇರುತ್ತದೆ ಎಂಬುದು ಗೊತ್ತಾಗಬೇಕು. ಆ ಹೊತ್ತಿಗೆ ನೀವು ರಾತ್ರಿ ಪಾಳಿಯಲ್ಲಿ ಕಾರ್ಖಾನೆಯ ಒಳಗಿದ್ದರೆ ಖೋಲಿಯ ಸರ್ವರನ್ನು ಆರಿಸುವವರು ಯಾರು?

ನಂಬಿಕೆಯ ಪ್ರಶ್ನೆ

ನೆಟ್ ನಿಲ್ಲುವುದು ಒಂದು ತೊಂದರೆ. ನೆಟ್ ನಿಲ್ಲದೆ ತಪ್ಪು ಕೈಯಿಂದ ನಡೆಯುವುದು ಇನ್ನೊಂದು. ವಿಳಾಸ ಕೊಡುವವರು ಹೊರಗೆ ಹೋಗುವ ಬಾಗಿಲನ್ನೂ ತೋರಿಸುತ್ತಾರೆ ಎಂದೆನಲ್ಲ. ಯಾರಾದರೂ ಕೆಟ್ಟ ಬುದ್ಧಿಯವರು ತಮ್ಮ ಯಂತ್ರವನ್ನೇ ಬಾಗಿಲೆಂದು ತೋರಿಸಿದರೆ ನೆರೆಯವರ ಸಂಚಾರವೆಲ್ಲ ಅವರ ಮೂಲಕ ಹೋಗುತ್ತದೆ. ಬ್ಯಾಂಕಿನ ತಾಣಗಳು ಗೂಢಲಿಪಿಯಲ್ಲಿ ಮಾತಾಡುವುದರಿಂದ ಗುಪ್ತಪದ ಸುಲಭಕ್ಕೆ ಸಿಗುವುದಿಲ್ಲ. ಹಾಗೆಂದು ಪೂರ್ತಿ ನಿಶ್ಚಿಂತೆಯೂ ಅಲ್ಲ. 2024ರ ಮೇ ತಿಂಗಳಲ್ಲಿ ಸಂಶೋಧಕರು "ಟನಲ್‌ವಿಷನ್" ಎಂಬ ದೋಷವನ್ನು ಬಯಲಿಗೆ ತಂದರು. ದಾರಿಗಳನ್ನು ಹೇಳಿಕೊಡಲು ಡಿಎಚ್‌ಸಿಪಿಯಲ್ಲಿ 2002ರಿಂದ ಇರುವ ಒಂದು ಸೌಲಭ್ಯವನ್ನೇ ಬಳಸಿ, ಸುರಕ್ಷಿತ ಎಂದುಕೊಂಡ ವಿಪಿಎನ್ ಸಂಚಾರವನ್ನೂ ಪಕ್ಕದ ದಾರಿಗೆ ತಿರುಗಿಸಬಹುದು ಎಂದು ಅವರು ತೋರಿಸಿದರು. ಆಂಡ್ರಾಯ್ಡ್ ಮೊಬೈಲುಗಳು ಆ ಸೌಲಭ್ಯವನ್ನೇ ಬಳಸದ್ದರಿಂದ ಅವು ಪಾರಾದವು.

ಬ್ರೌಸರ್ ಅಥವಾ ಬ್ಯಾಂಕಿನ ಆ್ಯಪ್ "ಈ ಸಂಪರ್ಕ ಸುರಕ್ಷಿತವಲ್ಲ" ಎಂದು ಎಚ್ಚರಿಸಿದರೆ ಮುಂದುವರಿಯಬೇಡಿ. ಹಣ ಕಳಿಸುವ ಕೆಲಸವಿದ್ದರೆ ವೈಫೈ ಆರಿಸಿ ಮೊಬೈಲಿನ ಸ್ವಂತ ಡೇಟಾ ಬಳಸಿ.

ಹೊಸ ಬಗೆಯ ಐಪಿವಿ6 ವಿಳಾಸಗಳಲ್ಲೂ ಇದೇ ಎಚ್ಚರಿಕೆ ಬೇಕು. ಅಲ್ಲಿ ರೌಟರುಗಳೇ ಆಗಾಗ "ದಾರಿ ಇಲ್ಲಿದೆ" ಎಂದು ಸಾರುತ್ತಿರುತ್ತವೆ. ಇಲ್ಲದ ದಾರಿಯನ್ನು ಸಾರುವ ಯಂತ್ರಗಳ ತೊಂದರೆಯ ಬಗ್ಗೆಯೇ 2011ರಲ್ಲಿ ಪ್ರತ್ಯೇಕ ದಾಖಲೆ ಬಂತು. ನಿಮ್ಮ ಸರ್ವರಿನಲ್ಲಿ ಐಪಿವಿ6 ಸಾರುವ ಸೇವೆ ಇದ್ದರೆ ಅದನ್ನೂ ಒಳಬಾಗಿಲಿಗೆ ಸೀಮಿತ ಮಾಡಿ.

ತೊಂದರೆ ಆಗಿಯೇ ಬಿಟ್ಟರೆ

ಸರ್ವರ್ ಇಲ್ಲದ ಸಾಮಾನ್ಯ ಬಳಕೆದಾರರೂ ರೋಗ ಗುರುತಿಸಬಹುದು. ನೆಟ್ ಚೆನ್ನಾಗಿರುವ ದಿನವೇ ಮೊಬೈಲಿನಲ್ಲಿ ವೈಫೈ ಹೆಸರಿನ ಮೇಲೆ ಒತ್ತಿ, ವಿವರದಲ್ಲಿ ಐಪಿ ವಿಳಾಸ ಮತ್ತು ಗೇಟ್‌ವೇ ಏನಿದೆ ಎಂದು ನೋಡಿ ಬರೆದಿಟ್ಟುಕೊಳ್ಳಿ. ಖೋಲಿಯಲ್ಲಿ ನಿಮ್ಮದೇ ರೌಟರ್ ಇದ್ದರೆ ಮೊಬೈಲಿಗೆ ವಿಳಾಸ ಕೊಡುವುದು ಅದು. ಆಗ ರೌಟರಿನ ಪುಟದಲ್ಲಿ ವ್ಯಾನ್ ಕಡೆಯ ವಿಳಾಸ ನೋಡಿ ಬರೆದುಕೊಳ್ಳಿ. ನೆಟ್ ನಿಂತ ದಿನ ಮತ್ತೆ ನೋಡಿ. ಗೇಟ್‌ವೇ ಬದಲಾಗಿದ್ದರೆ ಎರಡನೇ ಮೇಲ್ವಿಚಾರಕರು ಬಂದಿದ್ದಾರೆ ಎಂದು ತಿಳಿಯಿರಿ. ವಿಂಡೋಸ್ ಕಂಪ್ಯೂಟರಿನಲ್ಲಿ "ಐಪಿಕಾನ್‌ಫಿಗ್" ಮುಂದೆ ಓರೆಗೆರೆ ಹಾಕಿ "ಆಲ್" ಎಂದು ಕೊಟ್ಟರೆ, ವಿಳಾಸ ಕೊಟ್ಟ ಡಿಎಚ್‌ಸಿಪಿ ಸರ್ವರ್ ಯಾವುದೆಂದೇ ತೋರಿಸುತ್ತದೆ. ವಿಳಾಸ 169.254ರಿಂದ ಶುರುವಾಗಿದ್ದರೆ ಮಾತ್ರ ಕಥೆ ಬೇರೆ. ಕೂಗಿಗೆ ಯಾರೂ ಓಗೊಡಲಿಲ್ಲ, ಯಂತ್ರ ತಾನೇ ಒಂದು ಸಂಖ್ಯೆ ಇಟ್ಟುಕೊಂಡಿದೆ ಎಂದರ್ಥ. ಆಗ ವಯರು ಅಥವಾ ರೌಟರ್ ನೋಡಬೇಕು.

ಎರಡನೇ ಮೇಲ್ವಿಚಾರಕರು ಇದ್ದಾರೆಂದು ಖಚಿತವಾದರೆ ಜಗಳಕ್ಕೆ ಹೋಗಬೇಡಿ. "ಅಣ್ಣಾ, ಇವತ್ತು ಹೊಸಾದು ಏನರ ಜೋಡಿಸೀರೇನು?" ಎಂದು ಖೋಲಿ ಖೋಲಿ ಕೇಳಿ. ಹೆಚ್ಚಿನ ಸಲ ಉತ್ತರ ಅಲ್ಲೇ ಸಿಗುತ್ತದೆ. ಸಿಗದಿದ್ದರೆ ಮಾಲೀಕರ ಅಪ್ಪಣೆ ಪಡೆದು ಸ್ವಿಚ್ಚಿನಿಂದ ಒಂದೊಂದೇ ವಯರು ತೆಗೆದು ಪರೀಕ್ಷಿಸಿ. ಕಾರಣ ಸಿಕ್ಕು ಸರಿಪಡಿಸಿದ ಮೇಲೂ ತಪ್ಪು ವಿಳಾಸ ಅವಧಿ ಮುಗಿಯುವವರೆಗೆ ಮೊಬೈಲಿನಲ್ಲೇ ಉಳಿಯಬಹುದು. ವೈಫೈ ಹೆಸರನ್ನು "ಫರ್ಗೆಟ್" ಮಾಡಿ ಮತ್ತೆ ಸೇರಿಕೊಳ್ಳಿ. ಖೋಲಿಯ ರೌಟರನ್ನು ಒಮ್ಮೆ ಆರಿಸಿ ಹಚ್ಚಿ.

ಮಾಲೀಕರಿಗೂ ಒಂದು ಮಾತು. "ಡಿಎಚ್‌ಸಿಪಿ ಸ್ನೂಪಿಂಗ್" ಸೌಲಭ್ಯ ಇರುವ ಸ್ವಿಚ್ ಸಿಗುತ್ತದೆ. ಅದರಲ್ಲಿ ರೌಟರಿನ ವಯರು ಬರುವ ಕಿಂಡಿಯನ್ನು ಮಾತ್ರ ನಂಬಿಕೆಯದೆಂದು ಗುರುತಿಸಿದರೆ, ಬೇರೆ ಕಿಂಡಿಗಳಿಂದ ಬರುವ ಕೊಡುಗೆಗಳನ್ನು ಸ್ವಿಚ್ಚೇ ತಡೆದು ಹಾಕುತ್ತದೆ. ಮಾಮೂಲು ಸ್ವಿಚ್ಚಿಗಿಂತ ಬೆಲೆ ಹೆಚ್ಚು. ಆದರೆ ಖೋಲಿ ಜಾಸ್ತಿ ಇರುವ ಕಟ್ಟಡಕ್ಕೆ ಅದು ಬೇಕು. ಬಾಡಿಗೆದಾರರು ಆಗಾಗ ಬದಲಾಗುತ್ತಾರೆ, ಹೊಸಬರು ತರುವ ಪೆಟ್ಟಿಗೆಯಲ್ಲಿ ಏನಿದೆಯೆಂದು ಪ್ರತಿ ಸಲ ನೋಡಲು ಆಗುವುದಿಲ್ಲ.

ಮನೆಯಲ್ಲಿ ಸರ್ವರ್ ಇಟ್ಟುಕೊಳ್ಳುವುದು ಒಳ್ಳೆಯ ಹವ್ಯಾಸ. ಪಾಳಿಯ ಕೆಲಸದ ನಡುವೆ ಲಿನಕ್ಸ್ ಕಲಿತು ಬೇರೆ ಉದ್ಯೋಗಕ್ಕೆ ಹೋಗುವ ಕನಸು ಇಟ್ಟುಕೊಂಡ ಹುಡುಗರನ್ನು ಹೆದರಿಸಲು ಇದನ್ನು ಬರೆಯಲಿಲ್ಲ. ಧಾರಾಳವಾಗಿ ಕಲಿಯಿರಿ. ಹೊರಬಾಗಿಲಿನ ವಯರು ಜೋಡಿಸುವ ಮೊದಲು ವಿಳಾಸ ಹಂಚುವ ಸೇವೆ ಒಳಬಾಗಿಲಿನ ಹೆಸರಿಗೆ ಮಾತ್ರ ಇದೆಯೇ ಎಂದು ಒಮ್ಮೆ ನೋಡಿ. ಆಮೇಲೆ ವಯರು ಹಾಕಿ.

ಈ ಲೇಖನ ಓದಿ ನಿಮ್ಮ ಖೋಲಿಯ ನೆಟ್ ಸರಿಯಾದರೆ ನಮಗೆ ಒಂದು ಸಾಲು ಬರೆಯಿರಿ. ಸರಿಯಾಗದಿದ್ದರೆ ನಿಮ್ಮ ವಿಳಾಸ, ಗೇಟ್‌ವೇ ಸಂಖ್ಯೆಗಳ ಸಮೇತ ಎರಡು ಸಾಲು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ನೋಡೋಣ. ಅಲ್ಲಿಯವರೆಗೆ ಕನ್ನಡ ಕಾರ್ಯಕ್ರಮ ಕೇಳುತ್ತಿರಿ.